ಆಜ್ಞೆಯ ವ್ಯಾಕರಣ: ಶೆಲ್, ಪಠ್ಯದಾಟ ಮತ್ತು ಬೀದರ ಸೀಮೆಯ ಕನ್ನಡ

1

ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಬೀದರ ಜಿಲ್ಲೆಯ ಸಾಂಸ್ಕೃತಿಕ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಸಂಗತಿ. ಹಿಂದೆ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿಯನ್ನು ಕೇಂದ್ರವಾಗಿಸಿಕೊಂಡು, 1999ರಲ್ಲಿ ಲಿಂಗೈಕ್ಯರಾದ ಈ ಮಠಾಧೀಶರ ಕೆಲಸವನ್ನು ಕನ್ನಡಾಭಿಮಾನದ ಕಥೆಯಾಗಿಯಷ್ಟೇ ಹೇಳಿ ಮುಗಿಸುವುದು ರೂಢಿಯಾಗಿದೆ. ಆದರೆ ಅದರೊಳಗೆ ಭಾಷಾಚಿಂತನೆಗೆ ಒದಗುವ ಒಂದು ಸೂತ್ರವಿದೆ. ಫಲಕದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಉಳಿಯಬೇಕಾದದ್ದು ಪಾಠದ ಭಾಷೆ ಎಂಬುದೇ ಆ ಸೂತ್ರ.

ಕಂಪ್ಯೂಟರಿನಲ್ಲಿ ಕನ್ನಡದ ಚರಿತ್ರೆಯನ್ನು ಈ ಸೂತ್ರದ ಎದುರಿಗಿಟ್ಟು ನೋಡಿದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡ ಇಲಾಖೆಗಳಲ್ಲಿ ಬೆರಳಚ್ಚಾದ ಅಸಂಖ್ಯ ಕಡತಗಳಲ್ಲಿ ತೆರೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಕಡತದ ಒಳಗೆ ದಾಖಲಾಗಿದ್ದುದು ರೋಮನ್ ಅಕ್ಷರಗಳ ಸಂಕೇತಗಳು. ಫಾಂಟ್ ತೆಗೆದುಹಾಕಿದರೆ ಪಠ್ಯವೇ ಮಾಯವಾಗಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಉಳಿಯುತ್ತಿತ್ತು. ಹೊರಗೆ ಕನ್ನಡದ ಫಲಕ, ಒಳಗೆ ಬೇರೊಂದು ಪಾಠ! 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ ಅದು ದಿನನಿತ್ಯದ ಬಳಕೆಗೆ ಇಳಿಯಲು ಹಲವು ವರ್ಷಗಳೇ ಬೇಕಾದವು. ಇಂದು ಅಕ್ಷರದ ಮಟ್ಟದಲ್ಲಿ ಆ ಸಮಸ್ಯೆ ಬಹುಪಾಲು ಪರಿಹಾರವಾಗಿದೆ. ಆದರೆ ವಾಕ್ಯದ ಮಟ್ಟದಲ್ಲಿ, ಅದರಲ್ಲೂ ಆಜ್ಞಾವಾಕ್ಯದ ಮಟ್ಟದಲ್ಲಿ, ಅದು ಹಾಗೆಯೇ ಉಳಿದಿದೆ ಎಂಬುದು ಈ ಲೇಖನದ ಮುಖ್ಯ ವಾದ. ಗುಂಡಿಗಳ ಮೇಲಿನ ಪದಗಳನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಕನ್ನಡ ಯಂತ್ರವನ್ನು ನಡೆಸುವ ಭಾಷೆಯಾಗುವುದಿಲ್ಲ. ಅದಕ್ಕೆ ಕನ್ನಡದ ವಾಕ್ಯರಚನೆಯೇ ಆಜ್ಞೆಯ ರಚನೆಯಾಗಬೇಕು. ಇದನ್ನು ಪರೀಕ್ಷಿಸಿ ನೋಡಲು ಒದಗುವ ಅತ್ಯಂತ ಸರಳವಾದ ಪ್ರಯೋಗಶಾಲೆ, ಕನ್ನಡ ವಿದ್ವತ್ತು ಈವರೆಗೆ ಹೆಚ್ಚು ಗಮನಿಸದ ಬಹುಜನ ಪಠ್ಯದಾಟ.

2

ಯುನಿಕ್ಸ್ ಕಾರ್ಯವ್ಯವಸ್ಥೆಯ ಕೆಲಸ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರಿಂದ ಆರಂಭವಾಯಿತು. ಯಂತ್ರದ ಸಂಪನ್ಮೂಲಗಳನ್ನು ಆಳುವ ಒಳಭಾಗಕ್ಕೆ ಕರ್ನಲ್ ಎಂದೂ, ಮನುಷ್ಯ ಬರೆದ ಸಾಲನ್ನು ಓದಿ ಅದರಂತೆ ಕೆಲಸ ಮಾಡಿಸುವ ಹೊರಭಾಗಕ್ಕೆ ಶೆಲ್ ಎಂದೂ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಒಂದು ತಿರುಳು, ಇನ್ನೊಂದು ಚಿಪ್ಪು. ಶೆಲ್‌ನಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಒಂದು ಸಾಲಿನ ಬರಹವೇ ಅಲ್ಲಿನ ಸಮಸ್ತ ವ್ಯವಹಾರ. ಸಾಲಿನ ಮೊದಲ ಪದ ಕ್ರಿಯೆಯನ್ನು ಸೂಚಿಸುತ್ತದೆ, ಮುಂದಿನವು ಆ ಕ್ರಿಯೆಗೆ ಒಳಗಾಗುವ ವಸ್ತುಗಳನ್ನು. ಒಂದು ಆಜ್ಞೆಯ ಫಲವನ್ನು ಇನ್ನೊಂದು ಆಜ್ಞೆಗೆ ಹರಿಸುವ 'ಪೈಪ್' ಎಂಬ ಏರ್ಪಾಡು 1973ರಲ್ಲಿ ಸೇರಿತು. ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಸುರಂಗಬಾವಿಯನ್ನು ಕಂಡವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ. ನೆಲದಡಿ ಒಂದೇ ನೀರಿನ ಹರಿವು, ಅದರ ಉದ್ದಕ್ಕೂ ಅಲ್ಲಲ್ಲಿ ಇಳಿಯಲು, ಸೇದಲು ಬಾಯಿಗಳು.

ಬಹುಜನ ಪಠ್ಯದಾಟ ಈ ಶೆಲ್‌ನ ನೆರೆಮನೆಯ ಕೂಸು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಈ ಪ್ರಕಾರದ ಮೊದಲ ಕೃತಿ; ಮುಂದೆ ಆ ಹೆಸರೇ ಪ್ರಕಾರದ ಹೆಸರೂ ಆಯಿತು. ಏಕಕಾಲಕ್ಕೆ ಹಲವರು ಒಂದೇ ಲೋಕವನ್ನು ಪ್ರವೇಶಿಸುತ್ತಾರೆ. ಆ ಲೋಕದ ಪ್ರತಿ ಸ್ಥಳವೂ ಒಂದು ವರ್ಣನೆ. 'ಉತ್ತರಕ್ಕೆ ಹೋಗು', 'ದೀಪ ತೆಗೆದುಕೋ', 'ನೋಡು' ಎಂಬಂಥ ಆಜ್ಞೆಗಳನ್ನು ಬರೆದೇ ಅಲ್ಲಿ ಬದುಕಬೇಕು. ಓದುವುದು ಮತ್ತು ಬರೆಯುವುದು ಬಿಟ್ಟರೆ ಅಲ್ಲಿ ಬೇರೆ ಅನುಭವವೇ ಇಲ್ಲ. ಎಸ್ಪೆನ್ ಆರ್ಸೆತ್ ಅವರ 'ಸೈಬರ್‌ಟೆಕ್ಸ್ಟ್' (1997) ಗ್ರಂಥವು ಇಂಥ ಕೃತಿಗಳನ್ನು ಸಾಹಿತ್ಯ ಮೀಮಾಂಸೆಯ ವ್ಯಾಪ್ತಿಗೆ ತಂದು ಎರಡು ದಶಕಗಳೇ ಕಳೆದಿವೆ.

ಭಾಷಾವಿದ್ಯಾರ್ಥಿಯ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚು ಮುಖ್ಯವಾದುದು ಸ್ವೀಡನ್ನಿನ ಲಾರ್ಸ್ ಪೆನ್ಶೊ 1989ರಲ್ಲಿ ರಚಿಸಿದ 'ಎಲ್‌ಪಿ ಮಡ್'. ಅದರಲ್ಲಿ ನಿರ್ದಿಷ್ಟ ಮಟ್ಟ ಮುಟ್ಟಿದ ಆಟಗಾರ 'ಮಾಂತ್ರಿಕ'ನಾಗುತ್ತಾನೆ. ಮಾಂತ್ರಿಕನಾದವನಿಗೆ ಆಟದ ಒಳಗೇ ಯುನಿಕ್ಸ್ ಮಾದರಿಯ ಶೆಲ್ ದೊರೆಯುತ್ತದೆ. ಕಡತಗಳ ಪಟ್ಟಿ ನೋಡಲು ಎಲ್‌ಎಸ್, ಕೋಶದಿಂದ ಕೋಶಕ್ಕೆ ಸಾಗಲು ಸಿಡಿ, ಓದಲು ಮೋರ್, ತಿದ್ದಲು ಇಡಿ. ಇವುಗಳ ಜೊತೆಗೆ ವಸ್ತುವಿನ ಪ್ರತಿಯನ್ನು ಲೋಕದೊಳಗೆ ತರುವ ಕ್ಲೋನ್. ತನ್ನದೇ ಆದ ಕೋಶದಲ್ಲಿ ಅವನು ಹೊಸ ಕೋಣೆ, ಹೊಸ ಬಾಗಿಲು, ಹೊಸ ಪಾತ್ರಗಳನ್ನು ಬರೆದು ಸೇರಿಸಬಹುದು. ಓದುಗ ಕರ್ತೃವಾಗುವ ಈ ಸ್ಥಿತ್ಯಂತರ ಭಾಷೆಯ ಸ್ಥಿತ್ಯಂತರವೂ ಹೌದು. 'ದೀಪ ತೆಗೆದುಕೋ' ಎನ್ನುವವನು ಆ ಲೋಕದ ನಿವಾಸಿ. 'ದೀಪ' ಎಂಬ ಕಡತ ತೆರೆದು ಅದರ ಬೆಳಕು ಎಷ್ಟು ಹೊತ್ತು ಉರಿಯಬೇಕೆಂದು ಬರೆಯುವವನು ಅದರ ಒಡೆಯ. ಇಬ್ಬರ ನಡುವಣ ಗೆರೆ ಆಜ್ಞೆ ನೀಡುವ ಸಾಮರ್ಥ್ಯದ ಗೆರೆ.

ಇಲ್ಲಿ ಕನ್ನಡದ ಓದುಗರಿಗೆ 'ಶೂನ್ಯಸಂಪಾದನೆ' ನೆನಪಾಗುವುದು ಸಹಜ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಪಾದಕರು ವಚನಗಳನ್ನು ಸಂವಾದವಾಗಿ, ಸನ್ನಿವೇಶವಾಗಿ ಜೋಡಿಸುತ್ತ ಹೋದ ಆ ಪರಂಪರೆಯಲ್ಲಿ ಓದುಗನೇ ಕಟ್ಟುವವನಾಗುತ್ತಾನೆ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. ಒಂದು ಅನುಭಾವದ ಪಠ್ಯ, ಇನ್ನೊಂದು ವಿನೋದದ ಪಠ್ಯ. ಒಂದರಲ್ಲಿ ಕರ್ತೃಗಳು ಕಾಲಾನುಕ್ರಮದಲ್ಲಿ ಬರುತ್ತಾರೆ, ಇನ್ನೊಂದರಲ್ಲಿ ಏಕಕಾಲಕ್ಕೆ. ಬಹುಕರ್ತೃತ್ವ ಕನ್ನಡಕ್ಕೆ ಹೊಸತಲ್ಲ ಎಂಬಷ್ಟನ್ನು ಮಾತ್ರ ಈ ಹೋಲಿಕೆ ಸಾಧಿಸುತ್ತದೆ.

3

ಆಜ್ಞೆಯ ಭಾಷೆ ಯಾವುದು ಎಂಬ ಪ್ರಶ್ನೆ ಬೀದರ ಸೀಮೆಗೆ ಕೇವಲ ತಾಂತ್ರಿಕವಲ್ಲ. ಕವಿರಾಜಮಾರ್ಗವು ಗುರುತಿಸುವ ಕಾವೇರಿ-ಗೋದಾವರಿ ನಡುವಣ ನಾಡಿನಲ್ಲಿ ಗೋದಾವರಿಯ ಅಂಚು ಇದು. ಭಾಲ್ಕಿ, ಔರಾದ, ಬೀದರ ತಾಲೂಕುಗಳಲ್ಲಿ ಹರಿಯುವ ಮಾಂಜ್ರಾ ಮುಂದೆ ಗೋದಾವರಿಯನ್ನೇ ಸೇರುತ್ತದೆ. ಅದೇ ಕೃತಿ ಹೇಳುವ ತಿರುಳ್ಗನ್ನಡದ ಸೀಮೆಯಾದರೋ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣದು. ಅಂದರೆ ಬೀದರ ಕನ್ನಡ ಮೊದಲಿನಿಂದಲೂ ತಿರುಳಿನ ಹೊರಗಿನ, ಚಿಪ್ಪಿಗೆ ಹತ್ತಿರದ ಕನ್ನಡ.

ಆದರೂ ಇದೇ ಜಿಲ್ಲೆಯ ಕಲ್ಯಾಣವು 11ನೆಯ ಶತಮಾನದಿಂದ ಚಾಲುಕ್ಯರ ರಾಜಧಾನಿಯಾಗಿತ್ತು. ಅವರ ಶಾಸನಗಳ ಮುಖ್ಯ ಭಾಷೆ ಕನ್ನಡವಾಗಿತ್ತು. 'ಶಾಸನ' ಎಂದರೆ ಆಜ್ಞೆಯೇ. ಹಳಗನ್ನಡದ 'ಬೆಸ' ಎಂಬ ಪದಕ್ಕೂ ಅಪ್ಪಣೆ, ಕೆಲಸ ಎಂಬ ಎರಡೂ ಅರ್ಥಗಳಿವೆ. ಬೆಸಸುವುದು ಅಪ್ಪಣೆ ಕೊಡುವುದು, ಬೆಸಗೊಳ್ಳುವುದು ಪ್ರಶ್ನಿಸುವುದು. ಶೆಲ್ ಮಾಡುವ ಎರಡು ಕೆಲಸಗಳೂ, ಆಜ್ಞೆ ಮತ್ತು ವಿಚಾರಣೆ, ಒಂದೇ ಧಾತುಕುಲದಲ್ಲಿ ಕನ್ನಡಕ್ಕೆ ದೊರೆತಿದ್ದವು. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಶಾ ವಲಿ ಬಹಮನಿ ರಾಜಧಾನಿಯನ್ನು ಬೀದರಿಗೆ ತಂದ ಬಳಿಕ ದರಬಾರಿನ ಭಾಷೆ ಪಾರಸಿಯಾಯಿತು. ಮಹಮೂದ್ ಗವಾನನ ಮದರಸಾ (1472) ಆ ವಿದ್ವತ್ತಿನ ದೊಡ್ಡ ಗುರುತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋದಾಗ ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾಗಳು ಮುಂಬಯಿ ಪ್ರಾಂತಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿದವು. 1963ರ ರಾಜಭಾಷಾ ಅಧಿನಿಯಮದ ಮೂಲಕ ಕನ್ನಡ ಮತ್ತೆ ಆಡಳಿತದ, ಅಂದರೆ ಅಪ್ಪಣೆಯ, ಭಾಷೆಯಾಯಿತು. ಜನರ ಬಾಯಲ್ಲಿ ಮಾತ್ರ ಅಪ್ಪಣೆಗೆ ಇಂದಿಗೂ 'ಹುಕುಂ' ಎಂಬ ಪದವೇ ಹತ್ತಿರ.

ಈ ಚರಿತ್ರೆಯಿಂದ ಎರಡು ತಿಳಿವಳಿಕೆಗಳು ಒದಗುತ್ತವೆ. ಮೊದಲನೆಯದು, ಅಪ್ಪಣೆಯ ಭಾಷೆ ಬದಲಾದಾಗಲೆಲ್ಲ ಕನ್ನಡವು ಮನೆ, ಮಠ, ಹೊಲಗಳ ಭಾಷೆಯಾಗಿ ಉಳಿದುಕೊಂಡಿದೆ. ಉಳಿಯುವ ಶಕ್ತಿ ಅದಕ್ಕಿದೆ. ಎರಡನೆಯದು, ಹಾಗೆ ಉಳಿದ ಭಾಷೆಗೆ ಅಪ್ಪಣೆಯ ಭಾಷೆ ತಾನಾಗಿ ಮರಳಿ ಬರುವುದಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಆಧುನಿಕ ವಿಜ್ಞಾನಗಳನ್ನು ಉರ್ದುವಿನಲ್ಲೇ ಬೋಧಿಸಲು ಭಾಷಾಂತರ ವಿಭಾಗದ ಮೂಲಕ ದೊಡ್ಡ ಪ್ರಮಾಣದಲ್ಲಿ ಪರಿಭಾಷೆಯನ್ನು ರೂಪಿಸಿತು. ಪ್ರಭುತ್ವ ಬದಲಾದೊಡನೆ ಆ ಬೋಧನೆಯೂ ನಿಂತಿತು. ಪದಕೋಶವೊಂದೇ ಭಾಷೆಯನ್ನು ಕಾಯಲಾರದು ಎಂಬ ಪಾಠ ಕನ್ನಡ ಪರಿಭಾಷಾ ನಿರ್ಮಾಣಕ್ಕೂ ಅನ್ವಯಿಸುತ್ತದೆ.

4

ಹಾಗಾದರೆ ಪದಕೋಶದ ಆಚೆಗಿನ ಕೆಲಸ ಯಾವುದು? ಎಲ್‌ಪಿ ಮಡ್‌ನ ಒಂದು ಸಣ್ಣ ರಚನಾವಿಶೇಷದಿಂದ ಇದನ್ನು ವಿವರಿಸಬಹುದು. ಅದರಲ್ಲಿ ಕ್ರಿಯಾಪದಗಳು ಒಂದೇ ಪಟ್ಟಿಯಲ್ಲಿ ಇರುವುದಿಲ್ಲ. ಪ್ರತಿ ವಸ್ತುವೂ ತನಗೆ ಒಪ್ಪುವ ಕ್ರಿಯಾಪದಗಳನ್ನು ತಾನೇ ಒದಗಿಸುತ್ತದೆ. ಘಂಟೆಯಿರುವ ಕೋಣೆಗೆ ಬಂದಾಗ ಮಾತ್ರ 'ಬಾರಿಸು' ಎಂಬ ಆಜ್ಞೆಗೆ ಅರ್ಥ ಬರುತ್ತದೆ. ಕೋಣೆಯಿಂದ ಹೊರಟರೆ ಆ ಪದ ಮತ್ತೆ ಅರ್ಥ ಕಳೆದುಕೊಳ್ಳುತ್ತದೆ. ಈ ಕಲ್ಪನೆ ಭಾಷಾಶಾಸ್ತ್ರಕ್ಕೂ ರುಚಿಸುವಂಥದು. ಆದರೆ ಆ ಕ್ರಿಯಾಪದವನ್ನು ಯಂತ್ರ ಹುಡುಕುವುದು ಸಾಲಿನ ಮೊದಲ ಪದದಲ್ಲಿ. ಇಂಗ್ಲಿಷಿನ ಆಜ್ಞಾವಾಕ್ಯ ಕ್ರಿಯೆಯಿಂದ ಆರಂಭವಾಗುವುದರಿಂದ ಅಲ್ಲಿ ಇದು ಸಹಜ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಕೀಲಿ ತೆಗೆದುಕೋ' ಎಂದು ಬರೆದರೆ ಯಂತ್ರವು 'ಕೀಲಿ' ಎಂಬುದನ್ನೇ ಕ್ರಿಯೆಯೆಂದು ತಿಳಿದು ಕೈಚೆಲ್ಲುತ್ತದೆ. ಪದಗಳನ್ನೆಲ್ಲ ಅನುವಾದಿಸಿ ಕ್ರಮವನ್ನು ಹಾಗೇ ಬಿಟ್ಟರೆ 'ತೆಗೆದುಕೋ ಕೀಲಿ' ಎಂಬ, ನಾಟಕದ ಮಾತಿನಂಥ ಕನ್ನಡ ಹುಟ್ಟುತ್ತದೆ. ಕೊನೆಯ ಪದದಲ್ಲಿ ಕ್ರಿಯೆಯನ್ನು ಹುಡುಕುವಂತೆ ತಿದ್ದುವುದು ಕಾರ್ಯಕ್ರಮ ಬರೆಯುವವರಿಗೆ ದೊಡ್ಡ ಕೆಲಸವಲ್ಲ. ಆದರೆ ತಿದ್ದಬೇಕೆಂದು ಹೇಳಬೇಕಾದವರು ಭಾಷೆ ಬಲ್ಲವರು.

ಇನ್ನೊಂದು ಲಕ್ಷಣದಲ್ಲಿ ಕನ್ನಡ ಯಂತ್ರಕ್ಕೆ ಅನುಕೂಲವಾಗಿಯೇ ಇದೆ. ಯುನಿಕ್ಸ್ ಶೆಲ್ಲಿನಲ್ಲಿ ಒಂದು ಕಡತವನ್ನು ನಕಲಿಸುವಾಗ ಮೊದಲು ಬರೆದದ್ದು ಮೂಲ, ಆಮೇಲೆ ಬರೆದದ್ದು ಗುರಿ. ಕ್ರಮ ತಪ್ಪಿದರೆ ಉಳಿಸಬೇಕಾದ ಕಡತವೇ ಅಳಿಸಿಹೋಗಬಹುದು. ಅರ್ಥ ಸ್ಥಾನವನ್ನು ಅವಲಂಬಿಸಿರುವುದರಿಂದ ಬರುವ ಅಪಾಯವಿದು. ಕನ್ನಡದಲ್ಲಿ 'ಇದರಿಂದ ಅದಕ್ಕೆ ನಕಲಿಸು' ಎಂದರೂ 'ಅದಕ್ಕೆ ಇದರಿಂದ ನಕಲಿಸು' ಎಂದರೂ ಅರ್ಥ ಒಂದೇ. ವಿಭಕ್ತಿ ಪ್ರತ್ಯಯವೇ ಪದದ ಪಾತ್ರವನ್ನು ಹೇಳುತ್ತದೆ. 'ಪೆಟ್ಟಿಗೆಯಲ್ಲಿ ಕೀಲಿ ಇಡು', 'ಕೀಲಿ ಪೆಟ್ಟಿಗೆಯಲ್ಲಿ ಇಡು' ಎರಡನ್ನೂ ಒಂದೇ ಆಜ್ಞೆಯಾಗಿ ಗ್ರಹಿಸಲು ಕಲಿತ ಶೆಲ್ ಇಂಗ್ಲಿಷಿನ ಶೆಲ್ಲಿಗಿಂತ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ. ವಿಭಕ್ತಿಯ ಪಾಠ ಪರೀಕ್ಷೆಯಲ್ಲಿ ಬರೆದು ಮರೆಯುವ ಪಟ್ಟಿಯಲ್ಲ ಎಂಬುದನ್ನು ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

ತೊಡಕು ಇರುವುದು ಇನ್ನೂ ಆಳದಲ್ಲಿ. 'ಪೆಟ್ಟಿಗೆಯಿಂದ ಕೀಲಿ ತೆಗೆ' ಮತ್ತು 'ಕೀಲಿಯಿಂದ ಪೆಟ್ಟಿಗೆ ತೆಗೆ' ಎಂಬ ಎರಡು ಆಜ್ಞೆಗಳನ್ನು ನೋಡಬಹುದು. ಕ್ರಿಯಾಪದ ಒಂದೇ, ಪ್ರತ್ಯಯವೂ ಒಂದೇ. ಮೊದಲನೆಯದರಲ್ಲಿ '-ಇಂದ' ಅಪಾದಾನ, ಎರಡನೆಯದರಲ್ಲಿ ಕರಣ. ಮೊದಲನೆಯ 'ತೆಗೆ' ಹೊರಗೆಳೆ ಎಂದು, ಎರಡನೆಯದು ತೆರೆ ಎಂದು. ಕನ್ನಡಕ್ಕೆ ತೃತೀಯೆಯಿಂದ ಬೇರೆಯಾದ ಪಂಚಮಿ ಇದೆಯೇ ಎಂಬುದು ವೈಯಾಕರಣರು ಬಹುಕಾಲದಿಂದ ಚರ್ಚಿಸಿದ ಪ್ರಶ್ನೆ. ಕೇಶಿರಾಜ ಪಂಚಮಿಗೆ 'ಅತ್ತಣಿಂ' ಎಂಬುದನ್ನು ಹೇಳುತ್ತಾನೆ. ಹೊಸಗನ್ನಡದ ಬಳಕೆಯಲ್ಲಿ ಎರಡಕ್ಕೂ '-ಇಂದ' ಸಾಕಾಗಿದೆ, ಶಾಲಾ ವ್ಯಾಕರಣದ 'ದೆಸೆಯಿಂದ' ಆಡುಮಾತಿನಲ್ಲಿ ಇಲ್ಲ. ಮನುಷ್ಯರಿಗೆ ಸಂದರ್ಭದಿಂದ ತಿಳಿಯುವ ಈ ಭೇದ ಯಂತ್ರಕ್ಕೆ ತಿಳಿಯಬೇಕಾದರೆ, ಪೆಟ್ಟಿಗೆ ಒಳಗೊಳ್ಳುವ ವಸ್ತು, ಕೀಲಿ ತೆರೆಯುವ ಸಾಧನ ಎಂಬ ಲೋಕಜ್ಞಾನವನ್ನು ಆಯಾ ವಸ್ತುವಿನ ಕಡತದಲ್ಲೇ ಬರೆದಿಡಬೇಕಾಗುತ್ತದೆ. ಕ್ರಿಯೆಯನ್ನು ವಸ್ತುವೇ ಒದಗಿಸುವ ಎಲ್‌ಪಿ ಮಡ್‌ನ ರಚನೆ ಇಲ್ಲಿ ಕನ್ನಡದ ನೆರವಿಗೆ ಬರುತ್ತದೆ. ಏಳು ಶತಮಾನಕ್ಕೂ ಹಿಂದಿನ ವ್ಯಾಕರಣ ಚರ್ಚೆಯೊಂದು ಪಠ್ಯದಾಟದ ಬಾಗಿಲ ಮುಂದೆ ಪ್ರಾಯೋಗಿಕ ಪ್ರಶ್ನೆಯಾಗಿ ಮರುಹುಟ್ಟು ಪಡೆಯುವುದು ಕುತೂಹಲಕರ.

5

ಆಜ್ಞೆಯ ನಂತರ ಬರುವುದು ಅದರ ವರದಿ. ಪಠ್ಯದಾಟದಲ್ಲಿ ಪ್ರತಿ ಕ್ರಿಯೆಗೂ ಕನಿಷ್ಠ ಎರಡು ವಾಕ್ಯಗಳು ಹುಟ್ಟುತ್ತವೆ: ಒಂದು ಮಾಡಿದವರಿಗೆ, ಇನ್ನೊಂದು ಅದೇ ಕೋಣೆಯಲ್ಲಿರುವ ಇತರರಿಗೆ. ಒಬ್ಬರು ಒಳಗೆ ಬಂದರೆ ಇಂಗ್ಲಿಷಿನ ಆಟ ಹೆಸರಿನ ಮುಂದೆ ಒಂದೇ ಕ್ರಿಯಾರೂಪ ಹಚ್ಚಿ ಮುಗಿಸುತ್ತದೆ. ಕನ್ನಡ ಹಾಗೆ ಮುಗಿಸಲಾರದು. ಬಂದನು, ಬಂದಳು, ಬಂದರು, ಬಂದಿತು ಎಂಬವುಗಳಲ್ಲಿ ಒಂದನ್ನು ಆರಿಸಲೇಬೇಕು. ಅಂದರೆ ಬಂದವರ ಲಿಂಗವನ್ನೂ ಅವರಿಗೆ ಸಲ್ಲಬೇಕಾದ ಗೌರವವನ್ನೂ ಆಟ ಮೊದಲೇ ತೀರ್ಮಾನಿಸಿರಬೇಕು.

ಇದು ಸಣ್ಣ ವಿಷಯವಲ್ಲ. ಯಾರಿಗೆ 'ಬಾ', ಯಾರಿಗೆ 'ಬರ್ರಿ', ಯಾರು 'ಬಂದ', ಯಾರು 'ಬಂದರು' ಎಂಬುದರಲ್ಲಿ ವಯಸ್ಸಿನ ಜೊತೆಗೆ ಜಾತಿ, ವರ್ಗ, ಅಧಿಕಾರಗಳೂ ಸೇರಿಕೊಂಡಿರುವುದು ನಾಡಿನ ಎಲ್ಲ ಕಡೆ ಇರುವಂತೆ ಈ ಸೀಮೆಯಲ್ಲೂ ಇದೆ. ಹಿರಿಯ ಕೂಲಿಕಾರನನ್ನು ಏಕವಚನದಲ್ಲಿ ಕರೆದು ಒಡೆಯನ ಕಿರಿಯ ಮಗನನ್ನು ಬಹುವಚನದಲ್ಲಿ ಕರೆಯುವ ರೂಢಿಯನ್ನು ಯಾವ ವ್ಯಾಕರಣ ಗ್ರಂಥವೂ ಸೂತ್ರವಾಗಿ ಬರೆದಿಲ್ಲ. ಆದರೆ ಮಕ್ಕಳು ಅದನ್ನು ಸೂತ್ರಕ್ಕಿಂತ ಬೇಗ ಕಲಿಯುತ್ತಾರೆ. ಪಠ್ಯಲೋಕವೊಂದನ್ನು ಕನ್ನಡದಲ್ಲಿ ಕಟ್ಟುವವರು ಈ ಬರೆಯದ ಸೂತ್ರವನ್ನು ಕಣ್ಣಿಗೆ ಕಾಣುವಂತೆ ಬರೆಯಲೇಬೇಕಾಗುತ್ತದೆ, ಇಲ್ಲವೇ ತಿರಸ್ಕರಿಸಲೇಬೇಕಾಗುತ್ತದೆ. ನಡುದಾರಿ ಇಲ್ಲ.

ಇಲ್ಲಿ ಲೇಖನದ ನಿಲುವು ಸ್ಪಷ್ಟ. ಎಲ್ಲರಿಗೂ '-ರು' ಸಲ್ಲಬೇಕು. ಇದರಿಂದ ಎರಡನೆಯ ಲಾಭವೂ ಇದೆ. 1990ರಲ್ಲಿ ಆರಂಭವಾದ 'ಲ್ಯಾಂಬ್ಡಾಮೂ' ಎಂಬ ಪಠ್ಯಲೋಕದಲ್ಲಿ ಗಂಡು, ಹೆಣ್ಣು ಎಂದು ಹೇಳಿಕೊಳ್ಳಲು ಬಯಸದವರಿಗಾಗಿ 'ಸ್ಪಿವಾಕ್' ಎಂಬ ಕೃತಕ ಸರ್ವನಾಮಗಳನ್ನು ಬಳಸಬೇಕಾಯಿತು. ಕನ್ನಡದ '-ರು' ಗೌರವವನ್ನು ಸೂಚಿಸುತ್ತಲೇ ಲಿಂಗಭೇದವನ್ನೂ ಬದಿಗಿಡುತ್ತದೆ. ಹೊಸದನ್ನು ಸೃಷ್ಟಿಸಬೇಕಾಗಿಲ್ಲ, ಇರುವುದನ್ನು ಎಲ್ಲರಿಗೂ ಹಂಚಬೇಕು ಅಷ್ಟೆ. ಇನ್ನು ಯಂತ್ರವನ್ನು ಹೇಗೆ ಸಂಬೋಧಿಸಬೇಕು? ಕನ್ನಡದ ವಿಧ್ಯರ್ಥ ಏಕವಚನ ಧಾತುವೇ ಆಗಿರುವುದರಿಂದ ಬಾ, ತಾ, ಕೊಡು, ಇಡು, ನೋಡು ಎಂಬವು ಯುನಿಕ್ಸ್ ಆಜ್ಞೆಗಳಷ್ಟೇ ಚಿಕ್ಕವು. ಯಂತ್ರಕ್ಕೆ ಏಕವಚನ, ಮನುಷ್ಯರಿಗೆ ಬಹುವಚನ ಎಂಬ ನಿಯಮ ಭಾಷೆಗೂ ಒಪ್ಪುತ್ತದೆ, ನ್ಯಾಯಕ್ಕೂ ಒಪ್ಪುತ್ತದೆ. ಕನ್ನಡಕ್ಕೆ ತಂದ ತಂತ್ರಾಂಶಗಳಲ್ಲಿ 'ಉಳಿಸು', 'ಉಳಿಸಿ' ಎರಡೂ ಕಾಣಿಸಿಕೊಳ್ಳುವುದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಯೋಚಿಸದೆ ಅನುವಾದಿಸಿದ್ದರ ಫಲ.

ಪ್ರಾದೇಶಿಕ ಭಾಷೆಯ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ. ಬೀದರ ಕೋಟೆಯನ್ನೇ ಒಂದು ಪಠ್ಯಲೋಕವಾಗಿ ಕಲ್ಪಿಸಿಕೊಳ್ಳಬಹುದು. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ದಾಟಿ ರಂಗೀನ್ ಮಹಲ್, ಸೋಲಾ ಖಂಬ ಮಸೀದಿಗಳತ್ತ ಸಾಗುವ ಆಟದಲ್ಲಿ 'ಬಾಗಿಲು ತೆರೆ' ಎಂಬುದನ್ನು ಮಾತ್ರ ಒಪ್ಪಿ 'ದರ್ವಾಜಾ ತೆಗಿ' ಎಂಬುದನ್ನು ತಿರಸ್ಕರಿಸಿದರೆ, ಕನ್ನಡದ ಹೆಸರಿನಲ್ಲೇ ಬೀದರ ಕನ್ನಡವನ್ನು ಹೊರಗಿಟ್ಟಂತೆ. ಔರಾದ ತಾಲೂಕಿನ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಬೀದರ ನಗರದಲ್ಲಿ ದಖನಿ ಉರ್ದು, ಪೂರ್ವದ ಗಡಿಯಲ್ಲಿ ತೆಲುಗು. ಇವರೆಲ್ಲ ಶಾಲೆಯಲ್ಲಿ ಕಲಿಯುವ ಕನ್ನಡ ಪಠ್ಯಪುಸ್ತಕದ ಕನ್ನಡ; ಬೀದಿಯಲ್ಲಿ ಆಡುವುದು ಹಲವು ಭಾಷೆಗಳ ನಡುವೆ ಬೆಳೆದ ಇನ್ನೊಂದು ಕನ್ನಡ. ಒಂದೇ ಕ್ರಿಯೆಗೆ ಹಲವು ಹೆಸರುಗಳನ್ನು ಕಟ್ಟಿಕೊಡುವ 'ಪರ್ಯಾಯನಾಮ'ದ ಸೌಲಭ್ಯ ಯುನಿಕ್ಸ್ ಶೆಲ್ಲುಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಶಿಷ್ಟವೋ ಪ್ರಾದೇಶಿಕವೋ ಎಂದು ವಿದ್ವಾಂಸರು ವಾದಿಸುವಲ್ಲಿ ಯಂತ್ರ ಎರಡನ್ನೂ ಒಪ್ಪಬಲ್ಲದು. ಒಪ್ಪಲು ಹೇಳುವವರು ಬೇಕು.

6

ಈ ವಾದಕ್ಕೆ ಬರಬಹುದಾದ ಮೂರು ಆಕ್ಷೇಪಗಳನ್ನು ಪರಿಶೀಲಿಸಬೇಕು.

ಯುನಿಕ್ಸ್ ಆಜ್ಞೆಗಳು ಇಂಗ್ಲಿಷೂ ಅಲ್ಲ, ಅವನ್ನೇಕೆ ಕನ್ನಡಗೊಳಿಸಬೇಕು ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. 'ಗ್ರೆಪ್' ಎಂಬುದು ಇಡಿ ಎಂಬ ಸಂಪಾದಕದ ಒಂದು ಆಜ್ಞಾಸಾಲಿನ ಅಕ್ಷರಗಳಿಂದ ಹುಟ್ಟಿದ ಪದ. 'ಆಕ್' ಎಂಬುದು ಅದನ್ನು ರಚಿಸಿದ ಮೂವರ ಹೆಸರುಗಳ ಮೊದಲಕ್ಷರ. ಇಂಗ್ಲಿಷ್ ಬಲ್ಲವರೂ ಅವನ್ನು ಹೊಸದಾಗಿಯೇ ಕಲಿಯಬೇಕು. ಆದುದರಿಂದ ಸಂಶೋಧಕರ ಶೆಲ್ ಮತ್ತು ಪಠ್ಯಲೋಕದ ಶೆಲ್ ಎಂದು ಎರಡು ನೆಲೆಗಳನ್ನು ಬೇರ್ಪಡಿಸುವುದು ಉಚಿತ. ಮೊದಲನೆಯದನ್ನು ಇದ್ದಂತೆಯೇ ಕಲಿಯಬೇಕು. ಎರಡನೆಯದು ಲೋಕವೊಂದರ ಒಳಗಿನ ಮಾತಾದುದರಿಂದ ಅದು ಆ ಲೋಕದ ಭಾಷೆಯಲ್ಲೇ ಇರಬೇಕು.

ಮೊದಲನೆಯ ನೆಲೆಯಲ್ಲೂ ಕನ್ನಡಿಗರಿಗೆ ವಿಶೇಷವಾದ ತಿಳಿವಳಿಕೆ ಬೇಕು. 'ಸ್ತ್ರೀ' ಎಂಬುದು ಬರಹದಲ್ಲಿ ಒಂದು ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತಗಳು. ಯುಟಿಎಫ್-8 ಕಡತದಲ್ಲಿ 18 ಬೈಟುಗಳು. ಎಣಿಸುವ ಆಜ್ಞೆ ಇವುಗಳಲ್ಲಿ ಯಾವುದನ್ನು ಎಣಿಸುತ್ತಿದೆ ಎಂಬುದನ್ನು ಅರಿಯದೆ ಛಂದಸ್ಸಿನ ಅಥವಾ ಶೈಲಿಯ ಲೆಕ್ಕ ಹಾಕಿದರೆ ಫಲಿತಾಂಶ ಹಾಸ್ಯಾಸ್ಪದವಾದೀತು. 'ಕೋ' ಎಂಬುದನ್ನು ಒಂದಕ್ಕಿಂತ ಹೆಚ್ಚು ಸಂಕೇತಕ್ರಮಗಳಲ್ಲಿ ದಾಖಲಿಸಲು ಸಾಧ್ಯವಿರುವುದರಿಂದ, ಕಣ್ಣಿಗೆ ಒಂದೇ ಆಗಿರುವ ಎರಡು ಪದಗಳು ಹುಡುಕಾಟಕ್ಕೆ ಬೇರೆಯಾಗಿಬಿಡಬಹುದು. 'ಬೆಳಕ' ಎಂದು ಹುಡುಕಿದರೆ ಬೆಳಕು, ಬೆಳಕಿನ, ಬೆಳಕನ್ನು ಎಲ್ಲವೂ ದೊರೆಯುತ್ತವೆ. 'ಕಾಲ' ಎಂದು ಹುಡುಕಿದರೆ 'ಮಳೆಗಾಲ' ತಪ್ಪಿಹೋಗುತ್ತದೆ. ಆದೇಶಸಂಧಿ ಬಲ್ಲವರೇ ಕನ್ನಡದಲ್ಲಿ ಸರಿಯಾಗಿ ಹುಡುಕಬಲ್ಲರು. ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳ 15 ಸಂಪುಟಗಳ ಸಾಮಗ್ರಿಯನ್ನು ಓದಿ ಪದಪ್ರಯೋಗ ಸೂಚಿ ಸಿದ್ಧಪಡಿಸಲು ಒಬ್ಬ ಸಂಶೋಧಕರ ವರ್ಷಗಳೇ ಬೇಕಾದ ಕಾಲವಿತ್ತು. ಶುದ್ಧವಾದ ಯೂನಿಕೋಡ್ ಪಠ್ಯವಿದ್ದಲ್ಲಿ ಆ ಯಾಂತ್ರಿಕ ಭಾಗ ಕ್ಷಣಗಳ ಕೆಲಸ. ಉಳಿದ ವರ್ಷಗಳು ಚಿಂತನೆಗೆ ಸಿಗುತ್ತವೆ.

ಇದು ಆಟ, ಅದೂ ಹಳತಾದ ಆಟ ಎಂಬುದು ಎರಡನೆಯ ಆಕ್ಷೇಪ. ಚಿತ್ರಮಯ ಆಟಗಳ ಮುಂದೆ ಪಠ್ಯದಾಟ ಹಿಂದೆ ಸರಿದಿರುವುದು ನಿಜ. ಆದರೆ ಶಾಲೆಗೆ ಪಠ್ಯವೇ ಬೇಕು. ತಾಲೂಕು ಕೇಂದ್ರದ ಕಾಲೇಜೊಂದರ ಹಳೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು, ಅಂತರಜಾಲ ಸಂಪರ್ಕವಿಲ್ಲದೆಯೂ ಇಂಥ ಲೋಕ ನಡೆಯಬಲ್ಲದು. ಯುಟಿಎಫ್-8 ಬಲ್ಲ ಮುಕ್ತ ತಂತ್ರಾಂಶಗಳು ಇದಕ್ಕಾಗಿ ಉಚಿತವಾಗಿ ದೊರೆಯುತ್ತವೆ. ಓದದೆ ಒಂದು ಹೆಜ್ಜೆಯೂ ಇಡಲಾಗದ, ಬರೆಯದೆ ಒಂದು ಬಾಗಿಲೂ ತೆರೆಯದ ಆಟ ಭಾಷಾಬೋಧನೆಗೆ ಅನುಕೂಲವಲ್ಲದಿದ್ದರೆ ಬೇರೆ ಯಾವುದು ಅನುಕೂಲ?

ಈಗ ಸಾಮಾನ್ಯ ವಾಕ್ಯಗಳನ್ನೇ ಅರಿತು ಉತ್ತರಿಸುವ ಭಾಷಾಮಾದರಿಗಳು ಬಂದಿರುವಾಗ ಆಜ್ಞಾವ್ಯಾಕರಣದ ಶ್ರಮವೇಕೆ ಎಂಬುದು ಮೂರನೆಯದು, ಹೆಚ್ಚು ಗಂಭೀರವಾದುದು. ಆ ಮಾದರಿಗಳು ಬರಹದಲ್ಲಿ ದೊರೆಯುವ ಭಾಷೆಯಿಂದಲೇ ಕಲಿಯುತ್ತವೆ. ಬೀದರ, ಭಾಲ್ಕಿ, ಔರಾದಗಳ ಮಾತು ಬರಹದಲ್ಲಿ ದೊರೆಯುವುದು ತೀರ ವಿರಳ. ಬರೆಯದ ಭಾಷೆಯನ್ನು ಯಂತ್ರ ಅರಿಯಲಾರದು. ಅಲ್ಲದೆ ಇಂಥ ಮಾದರಿ ಒಂದು ಆಜ್ಞೆಯನ್ನು ಏಕೆ ಹಾಗೆ ಗ್ರಹಿಸಿತು ಎಂಬುದನ್ನು ವಿದ್ಯಾರ್ಥಿ ತೆರೆದು ನೋಡಲಾರ. ಪಠ್ಯದಾಟದ ಕಡತವನ್ನು ತೆರೆದು ನೋಡಬಹುದು, ತಿದ್ದಬಹುದು. ಒಂದರಲ್ಲಿ ಅವನು ಬೇಡುವವನು, ಇನ್ನೊಂದರಲ್ಲಿ ಬೆಸಸುವವನು.

7

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡ ಯೋಜನೆಯೇ ಆಗಬೇಕಿಲ್ಲ. ಮೊದಲನೆಯದಾಗಿ, ಬೀದರ ನಗರ, ಭಾಲ್ಕಿ, ಔರಾದಗಳಲ್ಲಿ ಬೇರೆ ಬೇರೆ ಮನೆಮಾತಿನವರಿಂದ ಆಜ್ಞಾವಾಕ್ಯಗಳನ್ನು ಸಂಗ್ರಹಿಸಬೇಕು: ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಯಾರು ಯಾರಿಗೆ ಹೇಗೆ ಹೇಳುತ್ತಾರೆ ಎಂಬ ವಿವರಗಳೊಂದಿಗೆ. ಇದು ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೂ ಮೀರದ ಕೆಲಸ. ಎರಡನೆಯದಾಗಿ, ಎಂ.ಎ. ತರಗತಿಯ ಭಾಷಾಶಾಸ್ತ್ರ ಪತ್ರಿಕೆಯೊಂದರಲ್ಲಿ ಯೂನಿಕೋಡ್ ಪಠ್ಯ ಮತ್ತು ಶೆಲ್ ಆಜ್ಞೆಗಳ ಅಭ್ಯಾಸಕ್ಕೆ ಸ್ಥಾನ ಕೊಡಬೇಕು. ಮೂರನೆಯದಾಗಿ, ಬೀದರ ಮತ್ತು ಭಾಲ್ಕಿಗಳಲ್ಲಿ ತಾಂತ್ರಿಕ ಮಹಾವಿದ್ಯಾಲಯಗಳು ಇರುವುದರಿಂದ, ಅಲ್ಲಿನ ವಿದ್ಯಾರ್ಥಿಗಳೊಂದಿಗೆ ಸೇರಿ ಇಪ್ಪತ್ತು ಮೂವತ್ತು ಕೋಣೆಗಳ ಒಂದು ಚಿಕ್ಕ ಪಠ್ಯಲೋಕ ಕಟ್ಟಬೇಕು. ಕೋಟೆಯಿರಲಿ, ಸುರಂಗಬಾವಿಯಿರಲಿ, ಮಾಂಜ್ರಾ ತೀರದ ಒಂದು ಹಳ್ಳಿಯಿರಲಿ. ವರ್ಣನೆ ಬರೆಯುವವರು ಸಾಹಿತ್ಯದ ವಿದ್ಯಾರ್ಥಿಗಳು, ಕ್ರಿಯೆ ಕಟ್ಟುವವರು ತಂತ್ರಜ್ಞಾನದ ವಿದ್ಯಾರ್ಥಿಗಳು. ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ನಡೆಯುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಬಾಗಿಲು ತೆರೆಯದಿದ್ದಾಗಲೇ ತಿಳಿಯುತ್ತದೆ.

ಬೀದರಿನಲ್ಲಿ 1960ರಲ್ಲಿ ಡಿ.ಎಲ್. ನರಸಿಂಹಾಚಾರ್ ಅವರ, 2006ರಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಗಡಿನಾಡಿನ ಕನ್ನಡದ ಬಗ್ಗೆ ಇಂಥ ವೇದಿಕೆಗಳಲ್ಲಿ ವ್ಯಕ್ತವಾಗುವ ಕಾಳಜಿ ಹೆಚ್ಚಾಗಿ ಫಲಕದ ಕಾಳಜಿ: ಅಂಗಡಿಯ ಹೆಸರು, ಕಚೇರಿಯ ಹೆಸರು, ರಸ್ತೆಯ ಹೆಸರು. ಅದು ಬೇಕಾದದ್ದೇ. ಆದರೆ ಭಾಲ್ಕಿಯ ಆ ಶಾಲೆ ತೋರಿಸಿದ ದಾರಿ ಫಲಕದ್ದಲ್ಲ. ಫಲಕವನ್ನು ಆಳುವವರ ಭಾಷೆಗೆ ಬಿಟ್ಟುಕೊಟ್ಟು ಪಾಠವನ್ನು ಕನ್ನಡಕ್ಕೆ ಉಳಿಸಿಕೊಂಡ ಆ ವಿವೇಕ ಇಂದಿನ ಯಂತ್ರಕ್ಕೂ ಸಲ್ಲುತ್ತದೆ. ಗ್ರೆಪ್ ಗ್ರೆಪ್ ಆಗಿಯೇ ಇರಲಿ. ಒಳಗೆ ಔರಾದದ ವಿದ್ಯಾರ್ಥಿನಿಯೊಬ್ಬಳು 'ದರ್ವಾಜಾ ತೆಗಿ' ಎಂದು ಬರೆದಾಗ ಬಾಗಿಲು ತೆರೆಯಲಿ; ಅವಳು ಒಳಗೆ ಬಂದಾಗ ಅಲ್ಲಿದ್ದವರಿಗೆ 'ಬಂದರು' ಎಂದೇ ಕಾಣಲಿ.